ನಾಲ್ಕು ಫ್ಲ್ಯಾಶು, ಒಂದು ಸ್ಟ್ಯಾಂಡು

ಗುರುಗಳೆಂದ ಮೇಲೆ ಗಡ್ಡ, ಆಶ್ರಮ ಇರಲೇಬೇಕೆಂದೇನೂ ಇಲ್ಲ. ಹೊಸದುರ್ಗದ ವೃಷಭೇಂದ್ರಪ್ಪನವರಿಗೆ ಒಂದು ಫೋಟೊ ಸ್ಟುಡಿಯೊ ಇತ್ತು. ಇಬ್ಬರು ಶಿಷ್ಯರಿದ್ದರು. ಯಾವ ಮಾತು ಶುರುಮಾಡಿದರೂ ಅದನ್ನು ಉಪದೇಶಕ್ಕೆ ತಂದು ನಿಲ್ಲಿಸುವ ಅಭ್ಯಾಸವಿತ್ತು. ಗುರುಗಳಾಗಲು ಅಷ್ಟು ಸಾಕು.

ಹಿರಿಯ ಶಿಷ್ಯೆ ಜಯಶೀಲ. ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದಳು. ಆಲ್ಬಮ್ ಜೋಡಿಸುವುದು, ಸೆಲ್ಲು ಚಾರ್ಜಿಗೆ ಹಾಕುವುದು, ಪಾಸ್‌ಪೋರ್ಟ್ ಫೋಟೊಗೆ ಬಂದ ಮಗುವಿನ ತಲೆ ನೆಟ್ಟಗೆ ಹಿಡಿಯುವುದು, ಮದುವೆಮನೆಯಲ್ಲಿ ಫ್ಲ್ಯಾಶ್ ಸಿಕ್ಕಿಸಿದ ಸ್ಟ್ಯಾಂಡ್ ಹಿಡಿದು ನಿಲ್ಲುವುದು, ಎಲ್ಲ ಅವಳದೇ. ಅವಳು ‘ಆಗಲ್ಲ’ ಅಂದಿದ್ದನ್ನು ಯಾರೂ ಕೇಳಿರಲಿಲ್ಲ. ಅವಳೇನೋ ಅಂದಿದ್ದಳು, ಸಣ್ಣ ದನಿಯಲ್ಲಿ ಅನ್ನುತ್ತಿದ್ದಳು, ಅಷ್ಟೆ.

ಕಿರಿಯ ಶಿಷ್ಯ ನಿತೇಶ ಬಂದು ಎರಡು ತಿಂಗಳಾಗಿತ್ತು. ಒಂದು ದಿನ ಅವನು ಒಂದು ಕಬ್ಬಿಣದ ಪಟ್ಟಿ ತಂದ. ಸ್ಟ್ಯಾಂಡಿನ ತುದಿಗೆ ಅದನ್ನು ಅಡ್ಡ ಬಿಗಿದರೆ ಒಂದೇ ಸ್ಟ್ಯಾಂಡಿನ ಮೇಲೆ ನಾಲ್ಕು ಫ್ಲ್ಯಾಶ್ ಕೂರಿಸಬಹುದಿತ್ತು. ಗುರುಗಳಿಗೆ ಬಹಳ ಹಿಡಿಸಿತು.

“ನೋಡಿ,” ಎಂದರು. “ಒಂದೇ ಫ್ಲ್ಯಾಶ್‌ನ ಪೂರ್ತಿ ಶಕ್ತಿಗೆ ಹಚ್ಚಿದ್ರೆ ಏನಾಗುತ್ತೆ? ಕಾದು ಕೆಂಡ ಆಗುತ್ತೆ. ಒಂದ್ಸಲ ಮಿಂಚಿ, ಮತ್ತೆ ಮಿಂಚೋಕೆ ಏದುಸಿರು ಬಿಡುತ್ತೆ. ಅದೇ ನಾಲ್ಕು ಕೂರಿಸಿ, ಒಂದೊಂದಕ್ಕೆ ಕಾಲುಭಾಗ ಕೆಲಸ ಕೊಡಿ. ಬೆಳಕು ಅಷ್ಟೇ ಬರುತ್ತೆ, ಯಾವುದೂ ದಣಿಯಲ್ಲ. ಸಂಸಾರನೂ ಹಿಂಗೇ ಇರ್ಬೇಕು. ಹೊರೆ ಹಂಚಿಕೊಂಡ್ರೆ ಯಾರಿಗೂ ಭಾರ ಇಲ್ಲ.”

ನಿತೇಶ ತಲೆಯಾಡಿಸಿದ. ಜಯಶೀಲ ಸ್ಟ್ಯಾಂಡ್ ಹಿಡಿದುಕೊಂಡಿದ್ದಳು. ಮೊದಲು ಒಂದು ಕೈ ಸಾಕಾಗುತ್ತಿತ್ತು. ಈಗ ಎರಡೂ ಬೇಕಾದವು.

“ಸರ್, ತಲೆಭಾರ ಜಾಸ್ತಿ ಆಯ್ತು. ಕೆಳಗೆ ಕಾಲಿಗೆ ಮರಳಿನ ಚೀಲ ಕಟ್ಟಬೇಕು,” ಎಂದಳು.

“ಊರೂರಿಗೆ ಮರಳು ಹೊರೋರು ಯಾರಮ್ಮ? ನೀನಿದ್ದೀಯಲ್ಲ.”

ಹೊಸದುರ್ಗದ ಗಾಳಿ ಗೊತ್ತಿದ್ದವರಿಗೆ ಗೊತ್ತು. ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನೆಟ್ಟಿರುವುದು ಊರಿನ ಅಂದಕ್ಕಲ್ಲ.

ಹೀಗಿರುವಾಗ ಜಯಶೀಲ ಓದಿದ ಹೈಸ್ಕೂಲಿನಲ್ಲಿ ಗುರುವಂದನೆ ಬಂತು. ಅವಳ ಜೊತೆ ಎಸ್ಸೆಸ್ಸೆಲ್ಸಿ ಕೂತವರೆಲ್ಲ ಸೇರಿ, ತಮಗೆ ಪಾಠ ಹೇಳಿದ ಫಿಲೋಮಿನಾ ಟೀಚರಿಗೆ ಶಾಲು ಹೊದಿಸಿ, ಹಾರ ಹಾಕಿ, ಜೊತೆಗೆ ನಿಂತು ಫೋಟೊ ತೆಗೆಸಿಕೊಳ್ಳುವುದೆಂದು ವಾಟ್ಸಾಪ್ ಗುಂಪಿನಲ್ಲಿ ತೀರ್ಮಾನವಾಯಿತು. ಗುಂಪಿಗೆ ನಾಲ್ವರು ಅಡ್ಮಿನ್‌ಗಳು. ಶಾಮಿಯಾನ ಒಬ್ಬರಿಗೆ, ಊಟ ಒಬ್ಬರಿಗೆ, ಹಾರ-ಶಾಲು ಒಬ್ಬರಿಗೆ, ಆಹ್ವಾನ ಒಬ್ಬರಿಗೆ ಎಂದು ಚೊಕ್ಕಟವಾಗಿ ಕೆಲಸ ಹಂಚಿಕೊಂಡರು. ಆಮೇಲೆ ನಾಲ್ವರೂ ಜಯಶೀಲಳಿಗೆ ಫೋನ್ ಮಾಡಿ, “ಹೆಂಗೂ ಊರಲ್ಲೇ ಇದ್ದೀಯಲ್ಲ, ಸ್ವಲ್ಪ ನೋಡ್ಕೋ” ಎಂದರು. ಫೋಟೊಗೆ ವೃಷಭೇಂದ್ರಪ್ಪನವರನ್ನು ಗೊತ್ತುಮಾಡಿದ್ದೂ ಅವಳೇ.

ಅವಳಿಗೆ ಬೇಕಾಗಿದ್ದದ್ದು ಒಂದೇ. ಟೀಚರ್ ಜೊತೆ ಒಂದು ಫೋಟೊ. ಅವಳ ತರಗತಿಯ ಫೋಟೊ ತೆಗೆದ ದಿನ ಅಕ್ಕನ ಬಾಣಂತನವೆಂದು ಅವಳು ಶಾಲೆಗೇ ಹೋಗಿರಲಿಲ್ಲ. ಬಾಣಂತನ ಮುಗಿಯಿತು, ಓದು ಸಾಕೆಂದು ಅಪ್ಪ ಹೇಳಿದ್ದೂ ಆಯಿತು. ಆಗ ಫಿಲೋಮಿನಾ ಟೀಚರ್ ಮನೆಗೇ ಬಂದು, ಹೊಸಿಲ ಮೇಲೆ ಕೂತು, “ಇವಳು ಪರೀಕ್ಷೆಗೆ ಬರೋತನಕ ನಾನು ಏಳಲ್ಲ” ಎಂದು ಹಟ ಹಿಡಿದಿದ್ದರು. ಪರೀಕ್ಷೆ ಪಾಸಾದಳು. ಫೋಟೊದಲ್ಲಿ ಮಾತ್ರ ಇಲ್ಲ.

ಟೀಚರಿಗೆ ಈಗ ಎಂಬತ್ತನಾಲ್ಕು. ಶಿವಮೊಗ್ಗದಿಂದ ಮಗಳು ಕಾರಿನಲ್ಲಿ ಕರೆತಂದಿದ್ದರು. “ಹನ್ನೆರಡಕ್ಕೆ ಹೊರಡ್ಲೇಬೇಕು. ಇನ್ನು ಮೇಲೆ ಅಮ್ಮನ್ನ ಎಲ್ಲಿಗೂ ಕರ್ಕೊಂಡು ಬರೋದಿಲ್ಲ, ಡಾಕ್ಟರು ಬೈದಿದ್ದಾರೆ,” ಎಂದು ಬಂದಕೂಡಲೇ ಹೇಳಿದ್ದರು.

ಜಯಶೀಲ ಬೆಳಿಗ್ಗೆಯೇ ಗುರುಗಳ ಕಿವಿಗೆ ಹಾಕಿದ್ದಳು. “ಸರ್, ಇವತ್ತು ಒಂದು ಫೋಟೊಲಿ ನಾನೂ ಇರ್ಬೇಕು.”

“ಅದಕ್ಕೇನಮ್ಮ, ಕೊನೇದ್ರಲ್ಲಿ ನಿಂತ್ಕೊಳ್ಳುವೆಯಂತೆ.”

ಹನ್ನೊಂದೂವರೆಗೆ ಶಾಲೆಯ ಮೆಟ್ಟಿಲ ಮೇಲೆ ನಲವತ್ತು ಜನ ನಿಂತರು. ನಡುವೆ ಕುರ್ಚಿ ಹಾಕಿ ಟೀಚರನ್ನು ಕೂರಿಸಿದರು. ಬಿಸಿಲು ಅವರೆಲ್ಲರ ಬೆನ್ನಿಗಿತ್ತು, ಮುಖಗಳು ಕಪ್ಪಾಗಿದ್ದವು. ಅದಕ್ಕೇ ನಾಲ್ಕು ಫ್ಲ್ಯಾಶ್ ಬೇಕು. ಸ್ಟ್ಯಾಂಡನ್ನು ಒಂದೂವರೆ ಆಳೆತ್ತರಕ್ಕೆ ಏರಿಸಿದರು. ಗಾಳಿಗೆ ಅದು ತೂಗಾಡಿತು. ಜಯಶೀಲ ಬುಡಕ್ಕೆ ಕಾಲು ಅಡ್ಡ ಕೊಟ್ಟು, ಎರಡೂ ಕೈಯಲ್ಲಿ ಕಂಬ ತಬ್ಬಿ ನಿಂತಳು.

ಮೊದಲ ಫೋಟೊ ಆಯಿತು. ಹೆಡ್‌ಮಾಸ್ಟರು ಬಂದು ಸೇರಿದರು, ಇನ್ನೊಂದು. ತಡವಾಗಿ ಬಂದ ಮೂವರಿಗಾಗಿ ಮತ್ತೊಂದು. ಹೆಂಗಸರದ್ದೊಂದು, ಗಂಡಸರದ್ದೊಂದು. ಕಪ್ಪು ಕನ್ನಡಕ ಹಾಕಿಕೊಂಡು ಒಂದು, ತೆಗೆದು ಒಂದು. ನಾಲ್ಕು ಫ್ಲ್ಯಾಶೂ ಹುಮ್ಮಸ್ಸಿನಿಂದ ಮಿಂಚಿದವು. ಗುರುಗಳು ಹೇಳಿದ್ದು ಸುಳ್ಳಲ್ಲ, ಯಾವುದೂ ದಣಿದಿರಲಿಲ್ಲ.

“ಸರ್, ನಾನು…” ಎಂದಳು ಜಯಶೀಲ.

“ಇನ್ನೊಂದೇ ಒಂದು.”

ಇನ್ನೊಂದೇ ಒಂದು ಆರು ಸಲ ಆಯಿತು. ಭುಜ ಮರಗಟ್ಟಿತ್ತು. ಬೆವರು ಕಣ್ಣಿಗಿಳಿದರೆ ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ನಿತೇಶ ದೂರದಲ್ಲಿ ವಿಡಿಯೊ ಮಾಡುತ್ತಿದ್ದ. ಅತ್ತ ಟೀಚರ ಮಗಳು ಗಡಿಯಾರ ನೋಡಿ, “ಅಮ್ಮ, ಏಳು, ಹೊತ್ತಾಯ್ತು,” ಎಂದರು.

ಟೀಚರ್ ಏಳಲಿಲ್ಲ. ಹಿಂದೆ ಮುಂದೆ ತಿರುಗಿ ಹುಡುಕಿದರು. “ಜಯಶೀಲ ಎಲ್ಲಿ? ಅವಳು ಬರಲಿಲ್ವ?”

“ಅಲ್ಲೇ ಇದ್ದಾಳಲ್ಲ ಟೀಚರ್, ಲೈಟ್ ಹಿಡ್ಕೊಂಡು,” ಎಂದ ಒಬ್ಬ.

“ಲೈಟ್ ಹಿಡ್ಕೊಂಡ್ರೆ ಫೋಟೊಲಿ ಹೆಂಗೋ ಬರ್ತಾಳೆ?”

“ಅವಳು ಅಲ್ಲಿದ್ರೇನೇ ಟೀಚರ್, ನಾವು ಇಲ್ಲಿ ಬೆಳಗೋದು,” ಎಂದ ಊಟದ ಅಡ್ಮಿನ್. ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ. ಮಗಳು ತೋಳಿಗೆ ಕೈ ಹಾಕಿ ಮೆಲ್ಲಗೆ ಎಬ್ಬಿಸತೊಡಗಿದರು.

ಜಯಶೀಲ ಮೇಲೆ ನೋಡಿದಳು. ಕೈ ಬಿಟ್ಟರೆ ನಾಲ್ಕೂ ಫ್ಲ್ಯಾಶ್ ಕಲ್ಲಿನ ಮೇಲೆ ಬಿದ್ದು ಚೂರಾಗುತ್ತವೆ. ಬಿಡದಿದ್ದರೆ ಕಾರು ಹೋಗುತ್ತದೆ. ಬೀಳುವ ವಸ್ತು ಎಲ್ಲರ ಕಣ್ಣಿಗೂ ಬೀಳುತ್ತದೆ; ಹೋಗುವ ಕಾರಿನ ನಷ್ಟ ಅವಳೊಬ್ಬಳದು. ಇಷ್ಟು ವರ್ಷ ಇಂಥ ಲೆಕ್ಕದಲ್ಲಿ ಅವಳು ಯಾವತ್ತೂ ತನ್ನ ಕಡೆ ನಿಂತವಳಲ್ಲ.

“ಸರ್,” ಎಂದಳು. ಈ ಸಲ ದನಿ ಸಣ್ಣದಿರಲಿಲ್ಲ. “ನಾನು ಕೈ ಬಿಡ್ತಿದ್ದೀನಿ. ಬಂದು ಹಿಡ್ಕೊಳ್ಳಿ.”

“ಒಂದು ನಿಮಿಷ ತಡಿಯಮ್ಮ.”

“ತಡೆದಿದ್ದಾಯ್ತು ಸರ್. ಮೂರು ಎಣಿಸ್ತೀನಿ.”

ಒಂದು ಎಂದಳು. ಗುರುಗಳು ನಕ್ಕರು. ಎರಡು ಎಂದು ಒಂದು ಕೈ ತೆಗೆದಳು. ಗಾಳಿ ಬೀಸಿತು. ಸ್ಟ್ಯಾಂಡಿನ ಒಂದು ಕಾಲು ನೆಲ ಬಿಟ್ಟು ಎದ್ದಿತು. ಗುರುಗಳ ನಗು ಅಲ್ಲಿಗೆ ನಿಂತಿತು. “ನಿತೇಶಾ, ಬಾರೋ ಇಲ್ಲಿ,” ಎಂದು ಕ್ಯಾಮೆರಾವನ್ನು ಅವನ ಎದೆಗೆ ತುರುಕಿ, ಪಂಚೆ ಎತ್ತಿಕಟ್ಟುವುದನ್ನೂ ಮರೆತು ಓಡಿಬಂದು ಕಂಬ ತಬ್ಬಿದರು. ಮೂರು ಎನ್ನುವ ಅಗತ್ಯ ಬೀಳಲಿಲ್ಲ.

ಜಯಶೀಲ ಹೋಗಿ ಕುರ್ಚಿಯ ಪಕ್ಕ ಮೆಟ್ಟಿಲ ಮೇಲೆ ಕೂತಳು. ಅರ್ಧ ಎದ್ದಿದ್ದ ಟೀಚರ್ ಮತ್ತೆ ಕೂತರು.

“ಎಲ್ಲೇ ಹೋಗಿದ್ದೆ ಇಷ್ಟು ಹೊತ್ತು?”

“ಇಲ್ಲೇ ಇದ್ದೆ ಟೀಚರ್.”

“ಕೈ ನಡುಗ್ತಿದೆಯಲ್ಲೇ.” ಟೀಚರ್ ಆ ಕೈಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು.

ನಿತೇಶ ಹೊಸಬ. ಕೋನ ನೋಡಿದ, ಹಿಂದೆ ಹೋದ, ಮುಂದೆ ಬಂದ, ಎತ್ತರದವರನ್ನು ಹಿಂದಕ್ಕೆ ಕಳಿಸಿದ. ಗುರುಗಳ ತೋಳು ಕಂಪಿಸತೊಡಗಿತು. ಕನ್ನಡಕ ಮೂಗಿನ ತುದಿಗೆ ಜಾರಿತು.

“ಬೇಗ ತೆಗಿಯಪ್ಪಾ, ಕೈ ಸೋಲ್ತಿದೆ.”

“ಸರ್, ಇನ್ನೊಂದೇ ಒಂದು,” ಎಂದ ನಿತೇಶ, ಗುರುಗಳಿಂದ ಕಲಿತ ಹಾಗೆ.

ಕಾರು ಹೊರಟಮೇಲೆ ಗುರುಗಳು ಮೆಟ್ಟಿಲ ಮೇಲೆ ಕೂತು ಭುಜ ನೀವಿಕೊಂಡರು. “ಇಷ್ಟು ಭಾರ ಅಂತ ಹೇಳೇ ಇಲ್ವಲ್ಲಮ್ಮ ನೀನು.”

“ಹೇಳಿದ್ದೆ ಸರ್.”

ಗುರುಗಳಿಂದ ಆ ದಿನ ಉಪದೇಶ ಬರಲಿಲ್ಲ. ಆ ದಿನ ಉಪದೇಶ ಬರಲಿಲ್ಲ. ಎದ್ದು ಹೋಗಿ ತಾವೇ ಸ್ಟ್ಯಾಂಡ್ ಬಿಚ್ಚಿ ಮಡಿಸಿದರು.

ಎರಡು ದಿನದ ಮೇಲೆ ನಿತೇಶ ಕಂಪ್ಯೂಟರಿನಲ್ಲಿ ಆ ಫೋಟೊ ತೆರೆದು ತೋರಿಸಿದ. ಉಳಿದವರೆಲ್ಲ ಚೆನ್ನಾಗಿ ಬಂದಿದ್ದರು. ಟೀಚರ್ ನಗುತ್ತಿದ್ದರು. ಜಯಶೀಲಳ ಕಣ್ಣು ಮಾತ್ರ ಮುಚ್ಚಿತ್ತು. ಹದಿನಾಲ್ಕು ವರ್ಷ ಬೆಳಕಿನ ಹಿಂದೆ ನಿಂತವಳು, ಎದುರಿಗೆ ಕೂತದ್ದು ಅದೇ ಮೊದಲು.

“ಬೇರೆ ಫೋಟೊದಿಂದ ಕಣ್ಣು ತಂದು ಕೂರಿಸ್ತೀನಕ್ಕ. ಗೊತ್ತೇ ಆಗಲ್ಲ,” ಎಂದ ನಿತೇಶ.

ಜಯಶೀಲ ಪರದೆಯ ಹತ್ತಿರ ಬಗ್ಗಿ ನೋಡಿದಳು.

“ಬೇಡಪ್ಪ,” ಎಂದಳು. “ಸುಸ್ತಾಗಿತ್ತು. ಹಾಗೇ ಇರ್ಲಿ.”

ನೀತಿ: ಹೊರೆ ಹಂಚಿಕೊಂಡೆವೆಂದು ಹೆಮ್ಮೆಪಡುವ ಮೊದಲು, ಹಂಚಿಕೊಂಡವರೆಲ್ಲ ಸೇರಿ ಯಾರ ಮೇಲೆ ನಿಂತಿದ್ದೇವೆಂದು ಒಮ್ಮೆ ಕೆಳಗೆ ನೋಡಬೇಕು. ಇನ್ನು, ಕೆಳಗೆ ನಿಂತವರಿಗೂ ಒಂದು ಮಾತು. ಕೈ ಬಿಡುವ ಮುನ್ನ ಗಟ್ಟಿಯಾಗಿ ಹೇಳಿ. ಹೇಳಿದ ಮೇಲೆ ಬಿಡಿ.