ಹಿಂದೆ ನಡೆದ ದೊರೆ

ಡಂಗುರ ಹೊಡೆದವನು ಕೂಗಿದ್ದು ಇಷ್ಟು: “ದೊರೆ ಬಿಲ್ಲಮನಾಯಕರ ಮೂರು ಒಗಟು ಬಿಡಿಸಿದವರಿಗೆ ಊರೊಟ್ಟಿನ ಹುಲ್ಲುಗಾವಲೂ ಅಲ್ಲಿರುವ ಕಾಡುಕುದುರೆಗಳೂ ಸೇರುತ್ತವೆ. ತಪ್ಪಿದವರ ತಲೆ ಹೋಗುತ್ತದೆ.”

ಆ ಕುದುರೆಗಳ ಮೇಲೆ ದಳವಾಯಿಗೂ ಕಣ್ಣಿತ್ತು, ಕುದುರೆ ಮಾರುವ ಸೆಟ್ಟಿಗೂ ಕಣ್ಣಿತ್ತು. ಪೊರಕೆ ಕಟ್ಟುವ ದುರುಗವ್ವನಿಗೆ ಮಾತ್ರ ಹೆದರಿಕೆ. ಹುಲ್ಲು ಕೊಯ್ಯುತ್ತ ಆ ಹಿಂಡಿನ ನಡುವೆಯೇ ಬೆಳೆದವಳು ಅವಳು. ಇವರಲ್ಲಿ ಯಾರು ಗೆದ್ದರೂ ಕುದುರೆಗಳಿಗೆ ಹಗ್ಗ ತಪ್ಪಿದ್ದಲ್ಲ ಎಂದು ಅವಳೂ ಅರಮನೆಗೆ ಬಂದಳು.

ದೊರೆ ಕೇಳಿದ: “ಎಲ್ಲರಿಗಿಂತ ಹಿಂದೆ ನಡೆಯುವ ಒಡೆಯ ಯಾರು? ಬೇಲಿ ಹಾಕಿದರೆ ಸಾಯುವ, ಬಿಟ್ಟರೆ ಎಲ್ಲರನ್ನೂ ಸಾಕುವ ಆಸ್ತಿ ಯಾವುದು? ನಾನು ಸತ್ತ ಮೇಲೂ ನನ್ನ ಮಾತು ಕಾಯುವ ಬಂಟ ಯಾರು?”

“ಸೋತು ಓಡುವ ರಾಜ,” ಎಂದ ದಳವಾಯಿ.

“ಸೋತವನು ಎಲ್ಲರಿಗಿಂತ ಮುಂದೆ ಓಡುತ್ತಾನಯ್ಯ,” ಎಂದು ದೊರೆ ಅವನನ್ನು ಸೆರೆಗೆ ಕಳಿಸಿದ.

“ಮೊದಲನೆಯದು ಆಮೇಲೆ ಪ್ರಭು. ಎರಡನೆಯದು ನೀರು,” ಎಂದ ಸೆಟ್ಟಿ.

“ನೀರಿಗೆ ಏರಿ ಹಾಕಿದರೆ ಕೆರೆಯಾಗುತ್ತದೆ, ಸಾಯುವುದಿಲ್ಲ.” ಸೆಟ್ಟಿಯೂ ಒಳಗೆ ಹೋದ.

ಆಮೇಲೆ ದುರುಗವ್ವ ಮುಂದೆ ಬಂದಳು. “ಹಿಂಡು ನೀರಿಗೆ ಹೊಂಟ್ರೆ ಮುದಿ ಹೆಣ್ಣುಗುದುರೆ ಮುಂದೆ ಹೋಗ್ತದೆ ಬುದ್ಧಿ. ಒಡೆಯ ಗಂಡುಗುದುರೆ ಕೊನೇಲಿ ಬರ್ತದೆ, ಕುಂಟೋ ಮರಿ ಹಿಂದೆ ಉಳೀಬಾರ್ದು ಅಂತ. ಎರಡನೇದು ಹುಲ್ಲುಗಾವಲು. ಬೇಲಿ ಹಾಕಿದ್ರೆ ಒಂದೇ ಕಡೆ ಮೇದು ಬೇರೂ ಉಳಿಯಲ್ಲ.”

“ಮೂರನೆಯದು?”

“ಆ ಬಂಟ ಇನ್ನೂ ಹುಟ್ಟಿಲ್ಲ ಬುದ್ಧಿ. ಕಟ್ಟಳೆ ಅಂತ ಅವನ ಹೆಸರು. ನೀವು ಕಲ್ಲಲ್ಲಿ ಕೆತ್ತಿಸಿದ ದಿನ ಹುಟ್ತಾನೆ.”

ದೊರೆ ಉತ್ತರ ಬಲ್ಲವನೇ. ಆದರೆ ಇನ್ನೂ ಹುಟ್ಟಿಲ್ಲ ಎಂಬುದು ಅವನಿಗೆ ಹೊಸ ಮಾತು.

“ಗೆದ್ದೆ. ಕುದುರೆಗಳು ಇನ್ನು ನಿನ್ನವು ತಾಯಿ.”

“ನನ್ನವಾದ್ರೆ ನಾಳೆ ನನ್ನ ಮಕ್ಕಳು ಮಾರಬಹುದು. ಯಾರವೂ ಅಲ್ಲ ಅಂತ ಕೆತ್ತಿಸಿ. ನಂಗೆ ಪೊರಕೆ ಹುಲ್ಲು ಸಾಕು.”

ಕಲ್ಲು ಸಿದ್ಧವಾಯಿತು: ಈ ಬಯಲಲ್ಲಿ ಯಾರೂ ಹಗ್ಗ ಬೀಸಕೂಡದು. ಸೆರೆಯಲ್ಲಿದ್ದ ಇಬ್ಬರ ತಲೆ ಉಳಿಯಿತು, ಕಲ್ಲು ಹೊತ್ತು ತಂದು ನೆಡುವ ಕೆಲಸ ಅವರ ಹೆಗಲಿಗೆ ಬಿತ್ತು. ದುರುಗವ್ವ ಹುಲ್ಲುಗಾವಲಿನ ಕಾವಲುಗಾರ್ತಿಯಾದಳು.

ಕಲ್ಲು ನೆಟ್ಟ ದಿನವೇ, ಅದನ್ನು ನೋಡಲು ಬಂದ ದೊರೆಯ ಮುದ್ದಿನ ಬಿಳಿಗುದುರೆ ಲಗಾಮು ಕಿತ್ತುಕೊಂಡು ಹಿಂಡಿಗೆ ಸೇರಿತು. ಸೈನಿಕರು ಹಗ್ಗ ಎತ್ತಿದರು. ದುರುಗವ್ವ ಕಲ್ಲಿನ ಪಕ್ಕಕ್ಕೆ ಹೋಗಿ ನಿಂತಳು. ದೊರೆ ಕಲ್ಲು ನೋಡಿದ, ಕುದುರೆ ನೋಡಿದ.

“ಹಗ್ಗ ಸುತ್ತಿಡಿ,” ಎಂದ. ಎಲ್ಲರನ್ನೂ ಮುಂದೆ ಕಳಿಸಿ, ಕಾಲುನಡಿಗೆಯಲ್ಲಿ ಕೊನೆಯವನಾಗಿ ಊರಿಗೆ ಬಂದ.