ಪುನುಗು ಬೆಕ್ಕಿನ ಜೇನು ಸಂಘ

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಎಲ್ಲರಿಗೂ ಬೆಂಕಿಯ ಭಯ. ಬೆಂಕಿ ಬೀಳದಂತೆ ಕಾಯಲು ಕೋತಿಗಳಿದ್ದವು. ಅವುಗಳ ಊಟಕ್ಕೊಂದು ಕಟ್ಟಳೆಯಿತ್ತು. ಸಂತೆಯಲ್ಲಿ ಏನೇ ಮಾರಿದರೂ ಹತ್ತು ನೆಲ್ಲಿಕಾಯಿ ಬೆಲೆಗೆ ಒಂದು ಕಾಯಿ ಹೆಚ್ಚು ಪಡೆದು ಕಾವಲು ಕಣಜಕ್ಕೆ ಹಾಕಬೇಕು. ಆ ಸರಕನ್ನು ತಾವು ಕೊಳ್ಳುವಾಗಲೇ ಹೆಚ್ಚಿನ ಕಾಯಿ ಕೊಟ್ಟಿದ್ದರೆ, ಕೊಂಡದ್ದನ್ನು ಬರೆದ ಎಲೆಚೀಟಿ ತೋರಿಸಿ ಅಷ್ಟನ್ನು ಮುರಿದುಕೊಳ್ಳಬಹುದು.

ಪುನುಗು ಬೆಕ್ಕು ಮತ್ತು ಮುಳ್ಳುಹಂದಿ ಸೇರಿ ಜೇನು ಮಾರುವ ಸಂಘ ಕಟ್ಟಿದವು. ಒಂದು ದಿನ ಬೆಕ್ಕು ಒಂದು ಕಂತೆ ಎಲೆಚೀಟಿ ತಂದಿತು.

"ಅಕ್ಕಾ, ಇದಕ್ಕೆಲ್ಲ ನಿನ್ನ ಪಂಜದ ಗುರುತು ಒತ್ತಿಬಿಡು."

ಮುಳ್ಳುಹಂದಿ ಓದಿ ನೋಡಿತು. "ಕರಡಿಯಿಂದ ಜೇನು ಕೊಂಡೆವಂತೆ? ಆ ಕರಡಿ ಕಾಡು ಬಿಟ್ಟು ವರ್ಷವಾಯಿತಲ್ಲೋ!"

"ಒಳ್ಳೇದೇ ಆಯ್ತು. ಬಂದು ಸುಳ್ಳು ಅನ್ನೋರು ಯಾರು? ಕಣಜಕ್ಕೆ ಹಾಕೋ ಕಾಯಿ ನಮಗೇ ಉಳಿಯುತ್ತೆ. ಸಿಕ್ಕಿಬಿದ್ದರೂ ದಂಡ ಸಂಘಕ್ಕೆ, ನಮಗಲ್ಲ."

ಮುಳ್ಳುಹಂದಿಗೆ ಮೂರು ಮರಿಗಳು. ಬಿಲ ತುಂಬಿದರೆ ಬೇಸಿಗೆ ಕಳೆದೀತು. ಒತ್ತಿಬಿಟ್ಟಿತು.

ಕಣಜ ಬರಿದಾಯಿತು. ಹಸಿದ ಕೋತಿಗಳು ಕಾವಲು ಬಿಟ್ಟು ಹಣ್ಣು ಹುಡುಕಿಕೊಂಡು ಹೋದವು. ಅದೇ ವಾರ ಬಿದಿರುಮೆಳೆಗೆ ಬೆಂಕಿ ಬಿತ್ತು. ಗಾಳಿ ದಿಕ್ಕು ಬದಲಿಸಿದ್ದರಿಂದ ಕಾಡು ಉಳಿಯಿತು, ಅಷ್ಟೆ.

ಕಣಜದ ಉಸ್ತುವಾರಿ ಕಾಡೆಮ್ಮೆಯಜ್ಜಿಯದು. ಅದು ಎಲೆಚೀಟಿಗಳನ್ನು ಒಂದೊಂದಾಗಿ ತಿರುವಿತು. ಕರಡಿಯ ಹೆಸರು ಬಂದಾಗ ನಿಂತಿತು. ಸಭೆ ಕರೆಯಿತು. ಸಂಘಕ್ಕೆ ನಾನೂರು ಕಾಯಿ ದಂಡ ಹಾಕಿತು.

ಬೆಕ್ಕು ಮೀಸೆ ತೀಡಿತು. "ಸಂಘದ ಪೊಟರೆಯಿಂದ ತಗೊಳ್ಳಿ ಅಜ್ಜಿ."

ಪೊಟರೆಯಲ್ಲಿದ್ದದ್ದು ಎರಡು ಜೇಡ.

"ಇಲ್ಲೇನೂ ಇಲ್ಲವಲ್ಲ. ನಿನ್ನ ಸಂಘವನ್ನೇ ಕರಿ, ಕೇಳೋಣ."

"ಅದಕ್ಕೆ ಬಾಯಿ ಎಲ್ಲಿದೆ ಅಜ್ಜಿ?"

"ಬಾಯಿಲ್ಲದ್ದು ಅಷ್ಟು ಕಾಯಿ ಹೇಗೋ ತಿಂತು?"

ಬೆಕ್ಕಿನ ಮೀಸೆ ಇಳಿಯಿತು. ಯಾರೂ ನಗಲಿಲ್ಲ. ಬೆಂಕಿಯ ಹೊಗೆ ಇನ್ನೂ ಎಲ್ಲರ ಮೂಗಿನಲ್ಲಿತ್ತು.

ಅಜ್ಜಿ ಮುಳ್ಳುಹಂದಿಯತ್ತ ತಿರುಗಿತು. "ಒತ್ತುವಾಗ ಸುಳ್ಳೆಂದು ಗೊತ್ತಿತ್ತೇನಮ್ಮಾ?"

ಗೊತ್ತಿರಲಿಲ್ಲ ಅಂದರೆ ಬಿಲದ ಕೂಳು ಉಳಿಯುತ್ತದೆ. ಮೂರು ಮರಿಗಳು ಅದರ ಮುಖವನ್ನೇ ನೋಡುತ್ತಿದ್ದವು.

"ಗೊತ್ತಿತ್ತು ಅಜ್ಜಿ," ಎಂದಿತು.

ಬೆಕ್ಕಿನ ಮನೆಯಿಂದ ಮುನ್ನೂರು ಕಾಯಿ ಹೊರಬಂತು, ಮುಳ್ಳುಹಂದಿಯ ಬಿಲದಿಂದ ನೂರು. ಕೋತಿಗಳು ಕಾವಲಿಗೆ ಮರಳಿದವು. ಮರಿಗಳು ಮಾತ್ರ ಒಣನೆಲ ಕೆರೆದು ಗೆಡ್ಡೆ ತಿನ್ನಬೇಕಾಯಿತು.

ಹದಿನೈದು ದಿನ ಕಳೆದು ಬೆಕ್ಕು ಬಿಲದ ಬಾಗಿಲಿಗೆ ಬಂತು. "ಅಕ್ಕಾ, ಬೇರೆ ಹೆಸರಲ್ಲಿ ಹೊಸ ಸಂಘ..."

ಮುಳ್ಳುಹಂದಿ ಬೆನ್ನು ತಿರುಗಿಸಿ ಮುಳ್ಳುಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿತು. ಅದನ್ನು ನೋಡಿ ಮೂರು ಮರಿಗಳೂ ತಮ್ಮ ಮುಳ್ಳು ನಿಲ್ಲಿಸಿದವು.

ನೀತಿ: ಗೊತ್ತಿದ್ದೂ ಸಂಘದ ಹೆಸರಿನಲ್ಲಿ ಮೋಸ ಮಾಡಿದರೆ, ದಂಡವು ಹಾಗೆ ಮಾಡಿದವರ ಮನೆ ಹುಡುಕಿಕೊಂಡೇ ಬರುತ್ತದೆ.