ಎದ್ದು ನಿಂತ ಮಕೇನ

ದೂರದ ಆಫ್ರಿಕಾದ ಹುಲ್ಲುಗಾವಲಿನಲ್ಲಿ ಕಾಡೆಮ್ಮೆಗಳ ದೊಡ್ಡದೊಂದು ಹಿಂಡಿತ್ತು, ಮಕ್ಕಳೇ. ಅಲ್ಲಿದ್ದ ಒಂದೇ ಕೆರೆಯನ್ನು ಸಿಂಹಗಳು ತಮ್ಮದೆಂದು ಹಿಡಿದು ಕೂತಿದ್ದವು. ನೀರು ಬೇಕೆಂದರೆ ಒಂದು ಕರುವನ್ನು ಒಪ್ಪಿಸಬೇಕು. ಎಂಥ ಅನ್ಯಾಯ ನೋಡಿ!

ಇದನ್ನು ಸಹಿಸದೆ ಮೊದಲು ತಿರುಗಿಬಿದ್ದವಳು ಮಕೇನ ಎಂಬ ಎಮ್ಮೆ. ಹೆದರಿದವರಿಗೆ ಧೈರ್ಯ ಹೇಳಿ, ಎಲ್ಲರನ್ನೂ ಭುಜಕ್ಕೆ ಭುಜ ಕೊಟ್ಟು ನಿಲ್ಲಿಸಿದಳು. ಅವಳ ಪಕ್ಕದಲ್ಲಿ ಜಬಾರಿ ಎಂಬ ಕೋಣ. ಕೊಂಬುಗಳ ಆ ಸಾಲು ಮುನ್ನುಗ್ಗಿದ್ದೇ ತಡ, ಸಿಂಹಗಳು ಬಾಲ ಮುದುರಿಕೊಂಡು ಓಡಿದವು. ನೀನೇ ನಮ್ಮ ಮುಖಂಡೆಯಾಗು ಎಂದು ಹಿಂಡು ಮಕೇನಳನ್ನು ಬೇಡಿಕೊಂಡಿತು. ಜಬಾರಿ ಗಟ್ಟಿಮುಟ್ಟಾಗಿದ್ದಾನೆ, ಅವನೇ ಆಗಲಿ ಎಂದಳು ಅವಳು.

ಈ ಕಾಡೆಮ್ಮೆಗಳದೊಂದು ಪದ್ಧತಿ ಇತ್ತು. ಹೊರಡುವ ಮುಂಚೆ ಒಬ್ಬೊಬ್ಬರೇ ಎದ್ದು, ತಮಗೆ ಸರಿ ಕಂಡ ದಿಕ್ಕಿಗೆ ಮುಖ ಮಾಡಿ ನಿಲ್ಲುವುದು. ಹೆಚ್ಚು ಮುಖಗಳು ಯಾವ ಕಡೆಗೋ ಹಿಂಡೂ ಆ ಕಡೆಗೆ. ಜಬಾರಿಯೂ ಮೊದಮೊದಲು ಹಾಗೇ ನಡೆದ. ಆದರೆ ಹೊಗಳುಭಟರು ಸುತ್ತ ಸೇರಿದರು ನೋಡಿ, ಅವನ ತಲೆ ತಿರುಗಿತು. ಇನ್ನು ಮೇಲೆ ಯಾರೂ ಎದ್ದು ನಿಲ್ಲುವುದು ಬೇಡ, ನನ್ನ ಬಾಲ ನೋಡಿಕೊಂಡು ಬಂದರೆ ಸಾಕು ಎಂದುಬಿಟ್ಟ.

ಮರುದಿನ ಎಲ್ಲರೂ ಮಲಗೇ ಇದ್ದರು. ಮಕೇನ ಒಬ್ಬಳೇ ಎದ್ದು ನಿಂತಳು. ಅವಳು ಸಿಂಹಗಳ ಕಡೆಯವಳು ಎಂದು ಹೊಗಳುಭಟರು ಗುಲ್ಲೆಬ್ಬಿಸಿದರು. ಜಬಾರಿ ಅವಳನ್ನು ಹಿಂಡಿನಿಂದಲೇ ಆಚೆ ಹಾಕಿದ. ಹತ್ತಿದ ಏಣಿಯನ್ನು ಒದೆಯುವುದು ಅಂದರೆ ಇದೇ. ತಾನು ಹಾಲೂಡಿಸಿದ ಮಕ್ಕಳೇ ಮಕೇನಳನ್ನು ಕಂಡು ಮುಖ ತಿರುಗಿಸಿದರು. ಆದರೂ ದೂರ ಹೋಗಲಾರದೆ, ಹಿಂಡಿನ ಕೂಗಳತೆಯಲ್ಲೇ ಒಂಟಿಯಾಗಿ ಮೇಯುತ್ತಿದ್ದಳು.

ಬೇಸಿಗೆಯಲ್ಲಿ ಕೆರೆ ಬತ್ತತೊಡಗಿತು. ಪಡುವಣ ದಡಕ್ಕೆ ನೀರು ಕುಡಿಯಲು ಹೋದ ಮಕೇನಳ ಕಾಲು ಹೂತುಹೋಯಿತು, ಹೇಗೋ ಜೀವ ಉಳಿಸಿಕೊಂಡು ಬಂದಳು. ಅಲ್ಲಿ ಮೇಲೆ ಒಣಗಿದ ನೆಲ, ಕೆಳಗೆ ಆಳದ ಕೆಸರು. ನೋಡಿದರೆ ಜಬಾರಿ ಬಾಯಾರಿದ ಕರುಗಳನ್ನೂ ಕಟ್ಟಿಕೊಂಡು, ಹತ್ತಿರವೆಂದು ಅದೇ ದಡಕ್ಕೆ ಹೊರಟಿದ್ದ. ಮಕೇನ ಓಡಿಬಂದು ದಾರಿಗೆ ಅಡ್ಡವಾಗಿ, ಮೂಡಣಕ್ಕೆ ಮುಖ ಮಾಡಿ ನಿಂತಳು.

"ದಾರಿ ಬಿಡು ಮಕೇನಕ್ಕ," ಎಂದ ಜಬಾರಿ. "ನಾನು ಏನು ಮಾಡಿದರೂ ನಿನಗೆ ಆಗುವುದಿಲ್ಲ."

"ನಿನ್ನ ಮೇಲೆ ಸಿಟ್ಟಿದೆ, ಸುಳ್ಳೇಕೆ ಹೇಳಲಿ? ಆದರೆ ಮುಂದೆ ಕೆಸರಿದೆಯಪ್ಪಾ, ಕರುಗಳು ಮುಳುಗುತ್ತವೆ."

ಜಬಾರಿ ಅವಳನ್ನು ಕೊಂಬಿನಿಂದ ಪಕ್ಕಕ್ಕೆ ನೂಕಿ ನಡೆದ. ಹಿಂಡು ಮಾತ್ರ ಕದಲಲಿಲ್ಲ. ಮುದಿ ಎಮ್ಮೆಯೊಂದು ಮೆಲ್ಲಗೆ ಮೂಡಣಕ್ಕೆ ತಿರುಗಿತು. ಅದನ್ನು ನೋಡಿ ಇನ್ನೊಂದು, ಮತ್ತೊಂದು. ಅಷ್ಟರಲ್ಲಿ ಜಬಾರಿ ಹೊಟ್ಟೆಯವರೆಗೆ ಕೆಸರಿನಲ್ಲಿ ಹೂತುಹೋದ.

ಹೊಂಚು ಹಾಕುತ್ತಿದ್ದ ಸಿಂಹಗಳು ಪೊದೆಯಿಂದ ಎದ್ದು ಬಂದವು. ಹೊಗಳುಭಟರು ಎಲ್ಲಿ ಮಾಯವಾದರೋ! ಮಾಡಿದ್ದುಣ್ಣೋ ಮಹಾರಾಯ ಎಂದರು ಕೆಲವರು. ಮಕೇನಳಿಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆದರೆ ತಮ್ಮವನನ್ನು ಸಿಂಹಗಳ ಬಾಯಿಗೆ ಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಗಟ್ಟಿ ನೆಲದ ಮೇಲೆ ಹಿಂಡನ್ನು ಸಾಲಾಗಿ ನಿಲ್ಲಿಸಿ ನುಗ್ಗಿದಳು. ಸಿಂಹಗಳು ಕಾಲಿಗೆ ಬುದ್ಧಿ ಹೇಳಿದವು. ಜಬಾರಿ ಒದ್ದಾಡಿ, ಏದುಸಿರು ಬಿಡುತ್ತಾ ಮೇಲೆ ಬಂದ.

"ಅಕ್ಕಾ, ತಪ್ಪಾಯಿತು," ಎಂದ ತಲೆ ತಗ್ಗಿಸಿ. "ಇನ್ನು ನೀನೇ ಮುಖಂಡೆ. ನೀನು ಹೇಳಿದ ಕಡೆಗೇ ಎಲ್ಲರೂ ಬರುತ್ತೇವೆ. ಯಾರೂ ಎದುರಾಡುವುದಿಲ್ಲ."

"ನಾನು ಬೇಡವೆಂದದ್ದೇ ಅದನ್ನು," ಎಂದಳು ಮಕೇನ. "ನಾಳೆ ನಾನು ದಾರಿ ತಪ್ಪಿದರೆ ಯಾರು ಎದ್ದು ನಿಲ್ಲುತ್ತಾರೆ? ಮೊದಲು ನೀನೇ ನಿಲ್ಲಬೇಕು, ತಮ್ಮಾ."

ನೀತಿ: ಎದುರು ಮಾತಾಡುವವರೆಲ್ಲ ಹಗೆಗಳಲ್ಲ, ಅವರ ಬಾಯಿ ಮುಚ್ಚಿಸಿದ ನಾಯಕ ತನ್ನ ಕಣ್ಣನ್ನೇ ಮುಚ್ಚಿಕೊಳ್ಳುತ್ತಾನೆ.